ಒಂದೇ ಅಳತೆಯ ಬೆಂಡೆಕಾಯಿ

ಯಜ್ಞೇಶ್ವರ ರಾಯರಿಗೆ ಅಗ್ಗದ ಮಾಲು ಸಿಕ್ಕಿದ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿಯ ಟೆಂಪೋ ಜೊತೆ ಬಂದಿಳಿದವರು, ಹೋಟೆಲಿನ ಗಲ್ಲಾದಲ್ಲಿ ಹೋಗಿ ಕೂರುವ ಬದಲು ಎರಡು ಮಹಡಿ ಹತ್ತಿ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ವರ್ಣನೆ ಶುರು ಮಾಡುವರು. ಕೇಳುವ ಕೆಲಸ ಹೆಂಡತಿ ಶ್ರೀಮತಿಯದು. ಮದುವೆಯಾಗಿ ಊರು ಬಿಟ್ಟು ಈ ಮರಾಠಿ ಸೀಮೆಯ ಡೊಂಬಿವಲಿಗೆ ಬಂದಾಗಿನಿಂದ ಅವಳು ಅದನ್ನು ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಾಳೆ.

ಆ ದಿನ ಅವರ ಕೈಯಲ್ಲಿ ಒಂದು ಬಿಳಿ ರಟ್ಟಿನ ಪೆಟ್ಟಿಗೆ ಇತ್ತು.

“ನೋಡು, ಬೆಂಡೆಕಾಯಿ ಅಂದ್ರೆ ಇದು,” ಎಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. “ಎಲ್ಲ ಒಂದೇ ಅಳತೆ. ಕೆಳಗೆ ಇಂಥದ್ದು ಇನ್ನೂ ಒಂದು ರಾಶಿ ಉಂಟು. ಲಂಡನಿಗೆ ಹೋಗುವ ಮಾಲು ಮಾರಾಯ್ತಿ.”

“ಲಂಡನಿಗೆ ಹೋಗುವುದು ಡೊಂಬಿವಲಿಗೆ ಯಾಕೆ ಬಂತು?”

“ವಿಮಾನದಲ್ಲಿ ಜಾಗ ಸಿಕ್ಕಲಿಲ್ಲವಂತೆ. ಲೀಲಾಧರ ಹೇಳಿದ. ನನಗೆ ಅಂತಲೇ ತೆಗೆದಿಟ್ಟಿದ್ದ, ಪಾಪ.”

ಲೀಲಾಧರ ವಾಶಿಯ ದಲಾಲಿ, ಕಾರ್ಕಳದ ಕಡೆಯವನು. ರಾಯರಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ತುಳುವಿನಲ್ಲಿ ಎರಡು ಮಾತಾಡಿದರೆ ಕೊಳೆತ ಕುಂಬಳಕಾಯಿಯನ್ನೂ ದಾಟಿಸಬಹುದು ಎಂದು ಅವನಿಗೆ ಗೊತ್ತಿತ್ತು. ಶ್ರೀಮತಿಗೂ ಅದು ಗೊತ್ತಿತ್ತು. ಹಾಗಾಗಿ ಒಂದು ಬೆಂಡೆಯ ತುದಿ ಮುರಿದು ನೋಡಿದಳು. ಟಕ್ಕೆಂದು ಮುರಿಯಿತು. ಮೆಟ್ಟುಕತ್ತಿಯ ಮುಂದೆ ಕೂತು ಒಂದು ಹಿಡಿ ಸೀಳಿದಳು, ಇನ್ನೊಂದು ಹಿಡಿ ಸೀಳಿದಳು. ಒಂದರಲ್ಲೂ ಹುಳವಿಲ್ಲ, ತೂತಿಲ್ಲ, ಕಪ್ಪು ಚುಕ್ಕೆಯಿಲ್ಲ. ಹುಳಕ್ಕೆ ಹೆದರಿ ಒಂದೊಂದನ್ನೂ ಬಿಡಿಸಿ ನೋಡುವ ಕರ್ಮ ತಪ್ಪಿತಲ್ಲ ಎಂದು ಅವಳಿಗೆ ನಿಜಕ್ಕೂ ಖುಷಿಯಾಯಿತು.

“ಒಳ್ಳೆಯದುಂಟು,” ಎಂದಳು. ಗಂಡನಿಗೆ ಅಷ್ಟು ಹೊಗಳಿಕೆಯನ್ನು ಅವಳು ವರ್ಷಕ್ಕೊಮ್ಮೆ ಕೊಟ್ಟರೆ ಹೆಚ್ಚು.

ಮನೆಯ ಕೆಳಗೇ ಹೋಟೆಲ್ ಗೋಮತಿ. ಅಲ್ಲಿ ರಾಯರ ತಂದೆ ಮಾಡಿಟ್ಟುಹೋದ ಒಂದು ಕಟ್ಟಳೆಯಿತ್ತು. ಮಧ್ಯಾಹ್ನದ ಊಟ ಶುರುವಾಗುವ ಮೊದಲು ದೊಡ್ಡ ಪಾತ್ರೆಯಿಂದ ಮೊದಲ ಸೌಟು ಮನೆಯವರ ಊಟಕ್ಕೆಂದು ಮೇಲೆ ಬರಬೇಕು. ಮನೆಯವರು ಉಣ್ಣದ್ದನ್ನು ಗಿರಾಕಿಗೆ ಬಡಿಸಬಾರದು. ಅಡುಗೆಯ ಸರ್ವೋತ್ತಮ ಹಿಡಿಯಿರುವ ತೂಕುಪಾತ್ರೆಯಲ್ಲಿ ಅದನ್ನು ತಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಶ್ರೀಮತಿ ಅಂಗೈಗೆ ಒಂದು ಚಮಚ ಹುಳಿ ಹಾಕಿಕೊಂಡು, ರುಚಿ ನೋಡಿ, ‘ಹ್ಞೂಂ’ ಎನ್ನುತ್ತಿದ್ದಳು. ಅವನು ಇಳಿದುಹೋಗಿ ‘ಊಟ ತಯಾರಿದೆ’ ಎಂಬ ಬೋರ್ಡು ತೂಗುಹಾಕುತ್ತಿದ್ದ. ಮನೆಯಲ್ಲಿ ಅವಳ ಬೇರೆ ಯಾವ ಮಾತಿಗೂ ಇಲ್ಲದ ಬೆಲೆ ಆ ‘ಹ್ಞೂಂ’ಗೆ ಇತ್ತು. ನಮ್ಮದು ಒಂದೇ ಪಾತ್ರೆಯ ಮನೆ ಎಂದು ರಾಯರು ಯಾರ ಮದುವೆಗೆ ಹೋದರೂ ಹೇಳಿ ಬರುವರು.

ಸಂಜೆ ಮಗ ಕಶ್ಯಪ ಕೆಲಸದಿಂದ ಬಂದ. ಬಿ.ಎಸ್ಸಿ. ಓದಿದವನು ಗಲ್ಲಾದಲ್ಲಿ ಕೂರುವುದಿಲ್ಲ ಎಂದು ಹಟ ಹಿಡಿದು, ವಾಶಿಯ ಹತ್ತಿರ ತರಕಾರಿಯನ್ನು ಹೊರದೇಶಕ್ಕೆ ಕಳಿಸುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಅಲ್ಲಿ ಬಿಳಿ ಕೋಟು, ತಲೆಗೆ ಬಿಳಿ ಟೋಪಿ. “ನಾನು ತರಕಾರಿ ಬೇಯಿಸಿ ಮಾರ್ತೇನೆ, ಇವ ಹಸಿ ಮಾರ್ತಾನೆ. ಇದಕ್ಕೆ ಕಾಲೇಜು ಬೇರೆ,” ಎಂದು ರಾಯರು ಆಗಾಗ ಚುಚ್ಚುತ್ತಿದ್ದರು. ಆ ಸಂಜೆ ಅವನು ನೀರು ಕುಡಿಯಲು ಅಡುಗೆಮನೆಗೆ ಬಂದವನು ಪೆಟ್ಟಿಗೆಯನ್ನು ನೋಡಿದ. ಅದರ ಮೇಲಿನ ಕಂಪನಿಯ ಹೆಸರಿಗೆ ಯಾರೋ ಕಾಗದ ಅಂಟಿಸಿದ್ದರು.

“ಅಮ್ಮ, ಇದು ಎಲ್ಲಿಂದ?”

“ಅಪ್ಪ ತಂದದ್ದು. ಲಂಡನಿನ ಮಾಲಂತೆ. ಒಂದು ಹುಳ ಇಲ್ಲ ಮಗಾ.”

“ಹೌದಾ,” ಎಂದ. ಪೆಟ್ಟಿಗೆಯನ್ನು ಹೆಸರಿದ್ದ ಬದಿ ಗೋಡೆಗೆ ಬರುವ ಹಾಗೆ ತಿರುಗಿಸಿಟ್ಟು ಕೈಕಾಲು ತೊಳೆಯಲು ಹೋದ. ಶ್ರೀಮತಿ ನೋಡಿದಳು. ಆದರೆ ಗಂಡಸರು ಅಡುಗೆಮನೆಯಲ್ಲಿ ಏನನ್ನೋ ಅತ್ತಿತ್ತ ಮಾಡಿದರೆಂದು ಅದಕ್ಕೆಲ್ಲ ಅರ್ಥ ಹುಡುಕುತ್ತ ಕೂತರೆ ಒಲೆಯ ಮೇಲಿದ್ದದ್ದು ಸೀದುಹೋಗುತ್ತದೆ.

ಮರುದಿನ ಮಧ್ಯಾಹ್ನ ಬೆಂಡೆಕಾಯಿ ಹುಳಿ. ಸೊಸೆ ನಿಶಾ ತಟ್ಟೆಗೆ ಕೈ ಅಡ್ಡ ಹಿಡಿದಳು.

“ಅತ್ತೆ, ಭೇಂಡಿ ನಕೋ.”

ನಿಶಾ ಠಾಣೆಯ ಮಾಜಿವಾಡಾದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ಉಡುಪಿಯವರೇ, ಕನ್ನಡ ಎಲ್ಲ ತಿಳಿಯುತ್ತದೆ. ಬಾಯಿ ತೆರೆದರೆ ಬರುವುದು ಅರ್ಧ ಮರಾಠಿ, ಅರ್ಧ ಹಿಂದಿ. ಈಗ ಐದು ತಿಂಗಳ ಬಸುರಿ. ಲೋಕಲ್ ಗಾಡಿಯ ನೂಕುನುಗ್ಗಲು ಬೇಡವೆಂದು ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದಳು.

“ಯಾಕೆ? ವಾಂತಿ ಬರ್ತದಾ?”

“ಐಸೇ ಹೀ. ಬೇಡ ಅನ್ನಿಸ್ತದೆ.”

ಬಸುರಿ ಹೆಂಗಸಿನ ಬಾಯಿಗೆ ಒಂದು ರುಚಿಸುತ್ತದೆ, ಒಂದು ರುಚಿಸುವುದಿಲ್ಲ. ಶ್ರೀಮತಿ ಸೌಟನ್ನು ತನ್ನ ತಟ್ಟೆಯ ಕಡೆ ತಿರುಗಿಸಿದಳು. ಆದರೆ ಬೆಂಡೆ ಒಂದು ದಿನಕ್ಕೆ ಮುಗಿಯಲಿಲ್ಲ. ಲೀಲಾಧರನ ಕೃಪೆ ವಾರಗಟ್ಟಲೆ ಹರಿಯಿತು. ಬೆಂಡೆ ಹುಳಿ, ಬೆಂಡೆ ಪಲ್ಯ, ಬೆಂಡೆ ಮೊಸರು ಗೊಜ್ಜು. ನಿಶಾಳ ಕೈ ತಟ್ಟೆಗೆ ಅಡ್ಡ ಬರುವುದೂ ನಿಲ್ಲಲಿಲ್ಲ. ಅದರ ಮೇಲೆ ಕಶ್ಯಪ ಒಂದು ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಬೀನ್ಸ್ ತಂದು, “ಅಮ್ಮ, ಇದು ನಿಶಾಳಿಗೆ. ಬೇರೆ ಮಾಡಿ. ಡಾಕ್ಟರ್ ಹೇಳಿದ್ದಾರೆ,” ಎಂದ.

“ಬೆಂಡೆಕಾಯಿ ತಿನ್ನಬೇಡ ಅಂತ ಯಾವ ಡಾಕ್ಟರ್ ಹೇಳ್ತಾನೆ?”

“ಹೋಟೆಲಿನ ಖಾರ ಬೇಡ ಅಂತ.”

ಅಂದಿನಿಂದ ಮನೆಯಲ್ಲಿ ಎರಡು ಪಾತ್ರೆ. ಹೋಟೆಲಿನಿಂದ ಬಂದದ್ದು ಎಲ್ಲರಿಗೆ, ಒಲೆಯ ಮೇಲಿನ ಸಣ್ಣದು ಸೊಸೆಗೆ. ಸೊಂಟ ನೋವಿದ್ದರೂ ಶ್ರೀಮತಿ ಮಾಡಿ ಹಾಕಿದಳು. ಮಾಡುವಾಗ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ರಾಯರಿಗೆ ವಿಷಯ ಗೊತ್ತಾದದ್ದು ಒಂದು ದಿನ ತಪ್ಪಿ ಆ ಸಣ್ಣ ಪಾತ್ರೆಗೆ ಕೈ ಹಾಕಿದಾಗ.

“ಇದೆಂತ ಹೊಸತು?”

“ನಿಮ್ಮ ಸೊಸೆಯದ್ದು. ನಿಮ್ಮ ಹೋಟೆಲಿನದ್ದು ಅವಳಿಗೆ ಆಗುವುದಿಲ್ಲ.”

“ನೂರಾರು ಜನರಿಗೆ ಆಗ್ತದೆ, ಇವಳೊಬ್ಬಳಿಗೆ ಆಗುವುದಿಲ್ಲವಾ?” ರಾಯರು ತಟ್ಟೆ ಸರಿಸಿದರು. “ಕಶ್ಯಪ, ನನ್ನ ಅಪ್ಪ ಏನು ಹೇಳಿ ಹೋಗಿದ್ದಾರೆ ಗೊತ್ತುಂಟಲ್ಲ?”

“ಗೊತ್ತುಂಟು ಅಪ್ಪ. ಅಜ್ಜನ ಕಾಲ ಬೇರೆ.”

“ಅನ್ನ ಸಾರಿಗೆ ಕಾಲ ಎಂಥದ್ದು?”

ನಿಶಾ ತಲೆ ತಗ್ಗಿಸಿ ಬೀನ್ಸ್ ತಿಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಸುಳ್ಳು ಎಂದು ಶ್ರೀಮತಿಗೆ ಅನ್ನಿಸಿತು. ತನ್ನ ಅತ್ತೆಯ ಮುಂದೆ ಯಾವುದನ್ನೂ ಬೇಡವೆನ್ನಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಈಗ ಸೊಸೆಯ ಮುಂದೆಯೂ ಮಾತು ನಡೆಯುವುದಿಲ್ಲ. ತನ್ನ ಕಾಲ ಯಾವಾಗ ಬಂದು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಹಟಕ್ಕೆ ಹಟ. ಬಾಯಿ ಬೇಡವೆಂದರೂ ಹೊಟ್ಟೆ ಬೇಡವೆನ್ನುವುದಿಲ್ಲ ಎಂದು ತೋರಿಸಿಬಿಡಬೇಕು ಎಂದು ಅವಳು ನಿಶ್ಚಯಿಸಿದಳು. ಊರಿನ ಕಡೆ ಬೆಂಡೆಕಾಯಿ ಹೇರಳವಾಗಿದ್ದಾಗ ಅದನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹೊಯ್ಯುವುದುಂಟು. ಅದರ ಲೋಳೆಗೆ ಉದ್ದು ಕಡಿಮೆ ಸಾಕು, ದೋಸೆ ಮೆತ್ತಗೆ ಏಳುತ್ತದೆ, ರುಬ್ಬಿದ ಮೇಲೆ ಬೆಂಡೆಯ ಬಣ್ಣವೂ ಕಾಣುವುದಿಲ್ಲ. ಡೊಂಬಿವಲಿಯಲ್ಲಿ ದುಡ್ಡು ಕೊಟ್ಟು ತಂದ ಬೆಂಡೆಯನ್ನು ಹಿಟ್ಟಿಗೆ ಹಾಕಲು ಅವಳಿಗೆ ಇದುವರೆಗೆ ಮನಸ್ಸು ಬಂದಿರಲಿಲ್ಲ. ಈಗ ರಾಶಿ ಇತ್ತಲ್ಲ, ಹಾಕಿದಳು. ಬೆಳಿಗ್ಗೆ ಬೆಳಿಗ್ಗೆ ಕಾವಲಿಯಿಂದ ನೇರ ಸೊಸೆಯ ತಟ್ಟೆಗೆ. ಕಶ್ಯಪ ಬೇಗ ಗಾಡಿ ಹಿಡಿಯುವವನು, ಬ್ರೆಡ್ಡು ತಿಂದು ಓಡುತ್ತಿದ್ದ. ನಿಶಾ ಎರಡು ತಿನ್ನುವವಳು ಮೂರು ತಿಂದಳು. ಶ್ರೀಮತಿಗೆ ಒಳಗೊಳಗೇ ನಗು. ಸಿಟ್ಟಿನಿಂದ ಶುರು ಮಾಡಿದ್ದು, ಹುಡುಗಿ ತಿನ್ನುವುದನ್ನು ನೋಡುತ್ತ ನೋಡುತ್ತ ಪ್ರೀತಿಯೇ ಬಂತು. ಮೂರನೆಯದಕ್ಕೆ ತುಪ್ಪ ಹೆಚ್ಚಾಗಿಯೇ ಬಿಟ್ಟಳು.

ಭಾನುವಾರ ಎಲ್ಲರೂ ಒಟ್ಟಿಗೆ ತಿಂಡಿಗೆ ಕೂತರು.

“ಅತ್ತೆ, ಇನ್ನೊಂದು ಹಾಕಿ,” ನಿಶಾ ತಟ್ಟೆ ಚಾಚಿದಳು. “ಏಕ್‌ದಮ್ ಸಾಫ್ಟ್. ಮಮ್ಮಿ ಮಾಡಿದ್ರೆ ಇಷ್ಟು ಸಾಫ್ಟ್ ಆಗುವುದಿಲ್ಲ.”

ಇದಕ್ಕಿಂತ ಒಳ್ಳೆಯ ಸಮಯ ಬರಲಾರದು. “ಹೇಗೆ ಆಗ್ತದೆ? ನಿನ್ನ ಮಮ್ಮಿ ಬೆಂಡೆಕಾಯಿ ಹಾಕುವುದಿಲ್ಲವಲ್ಲ,” ಎಂದಳು ಶ್ರೀಮತಿ. “ಬೆಂಡೆ ಬೇಡ ಅಂತ ಮೂಗು ಮುರಿದವಳು ಒಂದು ವಾರದಿಂದ ಅದನ್ನೇ ತಿಂತಾ ಇದ್ದಿ. ಎಂತಾಯ್ತು ಹೇಳು?”

ರಾಯರು ಗಟ್ಟಿಯಾಗಿ ನಕ್ಕರು. ನಿಶಾ ನಗಲಿಲ್ಲ. ಅತ್ತೆಯ ಕಡೆ ನೋಡಲೂ ಇಲ್ಲ. ಗಂಡನ ಮುಖ ನೋಡಿದಳು. ಕಶ್ಯಪ ಅವಳ ಮುಂದಿನ ತಟ್ಟೆಯನ್ನು ಎಳೆದುಕೊಂಡ.

“ಯಾವ ಬೆಂಡೆ ಅಮ್ಮ?”

“ಮನೆಯಲ್ಲಿ ಎಷ್ಟು ಬಗೆ ಉಂಟು? ಅಪ್ಪ ತಂದದ್ದೇ. ಲಂಡನಿಗೆ ಹೋಗದ್ದು.”

“ಲಂಡನಿಗೆ ಹೋಗದ್ದಲ್ಲ ಅಮ್ಮ. ಲಂಡನಿನವರು ಬೇಡ ಅಂದದ್ದು.”

ಅವನು ಹೇಳಿದ. ಪೆಟ್ಟಿಗೆ ಅವನ ಕಂಪನಿಯದ್ದೇ; ಕಂಪನಿ ಕಳಿಸಿದ ಮಾಲನ್ನು ಲಂಡನಿನಲ್ಲಿ ಪರೀಕ್ಷೆ ಮಾಡಿದ್ದರು. ಕೀಟನಾಶಕ ಮಿತಿಗಿಂತ ಬಹಳ ಹೆಚ್ಚಿತ್ತು. ಅದೇ ತೋಟಗಳಿಂದ ಬಂದ ಉಳಿದ ಬೆಂಡೆ ಇಲ್ಲಿ ತಣ್ಣನೆಯ ಕೋಣೆಯಲ್ಲಿ ಕೂತಿತ್ತು. ಎಸೆಯಲು ಸಾಹೇಬರಿಗೆ ಮನಸ್ಸಿಲ್ಲ, ಕಳಿಸಲು ದಾರಿಯಿಲ್ಲ. ಪೆಟ್ಟಿಗೆಯ ಹೆಸರಿಗೆ ಕಾಗದ ಅಂಟಿಸಿ ವಾಶಿಯ ಮಂಡಿಗೆ, ಲೀಲಾಧರನಂಥ ದಲಾಲಿಗಳಿಗೆ, ಹಾಕಿದರು. ಆಮೇಲೂ ಆ ತೋಟಗಳ ಮಾಲು ಬರುತ್ತಲೇ ಇತ್ತು, ಅದೂ ಅದೇ ದಾರಿ ಹಿಡಿಯಿತು.

“ರೈತ ಯಾಕೆ ಅಷ್ಟು ಹೊಡೀತಾನೆ? ಅವನಿಗೆ ಬುದ್ಧಿ ಇಲ್ವಾ?” ಎಂದರು ರಾಯರು.

“ನಾವೇ ಹೊಡೆಸುವುದು ಅಪ್ಪ. ಒಂದು ತೂತಿದ್ರೆ, ಒಂದು ಚುಕ್ಕೆ ಇದ್ರೆ ನಾವು ತೆಗೆದುಕೊಳ್ಳುವುದಿಲ್ಲ. ತೂತಾಗಬಾರದು ಅಂತ ಅವ ಕೊಯ್ಯುವ ಹಿಂದಿನ ದಿನವೂ ಹೊಡೀತಾನೆ. ಹೊಡೆದದ್ದು ಹೆಚ್ಚಾಯ್ತು ಅಂತ ಪುನಃ ನಾವೇ ಬೇಡ ಅಂತೇವೆ.”

ಕಾವಲಿಯ ಮೇಲಿನ ದೋಸೆ ಕರಟುವ ವಾಸನೆ ಬಂತು. ಶ್ರೀಮತಿ ತಿರುವಿ ಹಾಕಲಿಲ್ಲ. ‘ಒಂದು ಹುಳ ಇಲ್ಲ ಮಗಾ’ ಎಂದು ಇವನಿಗೆ ಖುಷಿಯಿಂದ ಹೇಳಿದ್ದು ತಾನೇ. ಹುಳ ತಿನ್ನದ್ದನ್ನು ಸೊಸೆಗೆ ತಿನ್ನಿಸಿದವಳೂ ತಾನೇ. ಒಲೆ ಆರಿಸಿ ಸಟ್ಟುಗ ಕೆಳಗಿಟ್ಟಳು.

“ನಿನಗೆ ಯಾವಾಗ ಗೊತ್ತಾದದ್ದು?” ಎಂದು ಕೇಳಿದಳು.

“ಪೆಟ್ಟಿಗೆ ನೋಡಿದ ದಿನವೇ.”

“ನಾನು ಉಂಡೆ. ನಿನ್ನ ಅಪ್ಪ ಉಂಡ್ರು. ಕೆಳಗೆ ಊರಿಗೆ ಊರೇ ಉಂಡಿತು. ನೀನು ನೋಡ್ತಾ ಇದ್ದಿ.”

“ಹೇಳಿದ್ರೆ ಅಪ್ಪ ಲೀಲಾಧರನ ಹತ್ರ ಜಗಳಕ್ಕೆ ಹೋಗ್ತಿದ್ರು. ಅವ ನಮ್ಮ ಸಾಹೇಬರಿಗೆ ಹೇಳ್ತಿದ್ದ. ಮಗು ಬರುವ ಹೊತ್ತಿಗೆ ನನ್ನ ಕೆಲಸ ಹೋಗ್ತಿತ್ತು. ಮತ್ತೆ ನಿಮಗೆಲ್ಲ ಈ ವಯಸ್ಸಿಗೆ ಅದರಿಂದ ಅಂಥ ದೊಡ್ಡ...” ಕಶ್ಯಪ ಅಲ್ಲಿಗೇ ನಿಲ್ಲಿಸಿದ.

“ಹೇಳು. ಹಳೆ ಹೊಟ್ಟೆಗೆ ಯಾವುದೂ ನಡೀತದೆ ಅಂತ.”

ಅವಳು ಸೊಸೆಯ ಕಡೆ ತಿರುಗಿದಳು. “ನಿನಗೂ ಗೊತ್ತಿತ್ತು. ನನ್ನ ತಟ್ಟೆಗೆ ನಾನು ಬಡಿಸಿಕೊಳ್ಳುವಾಗ ಎದುರಿಗೆ ಕೂತಿದ್ದಿ.”

“ಮೀ ಕಾಯ್ ಕರೂ ಅತ್ತೆ? ನಾನೆಂತ ಮಾಡ್ಲಿ? ಇವರು ಹೇಳ್ಬೇಡ ಅಂದ್ರು,” ನಿಶಾ ಅಳುತ್ತ ಎದ್ದಳು. “ನಾನು ಹೇಳ್ಲಿಲ್ಲ, ಅದು ನನ್ನ ತಪ್ಪು. ಆದ್ರೆ ನೀವು? ನಾನು ಬೇಡ ಅಂದದ್ದನ್ನು ನನಗೆ ಗೊತ್ತಾಗದ ಹಾಗೆ ತಿನ್ನಿಸಿದ್ರಿ.”

ಶ್ರೀಮತಿ ಹಿಟ್ಟಿನ ಪಾತ್ರೆ ಎತ್ತಿ ಬಚ್ಚಲಿಗೆ ಸುರಿದಳು.

“ನಾಳೆಯಿಂದ ಆ ಬೆಂಡೆ ಈ ಕಟ್ಟಡದೊಳಗೆ ಬರಬಾರದು,” ಎಂದರು ರಾಯರು.

“ಮತ್ತೆ ಯಾವುದು ತರ್ತೀರಿ?” ಕಶ್ಯಪನಿಗೂ ಈಗ ಸಿಟ್ಟು ಬಂದಿತ್ತು. “ಪರೀಕ್ಷೆ ಮಾಡಿದ್ದು ಇದೊಂದನ್ನು, ಅದಕ್ಕೆ ಇದು ಫೇಲ್. ಉಳಿದದ್ದನ್ನು ಯಾರೂ ಪರೀಕ್ಷೆಯೇ ಮಾಡಿಲ್ಲ, ಅದಕ್ಕೆ ಎಲ್ಲ ಪಾಸ್. ಹೂಕೋಸಿಗೆ ಎಂತ ಹೊಡೀತಾರೆ ಅಂತ ಕೇಳಿದ್ರೆ ನೀವು ಹೋಟೆಲ್ ಮುಚ್ಚಬೇಕು.”

ಸೋಮವಾರ ನಿಶಾ ಡಾಕ್ಟರ ಹತ್ತಿರ ಹೋಗಿ ಬಂದಳು. ಡಾಕ್ಟರು ಎಲ್ಲ ಕೇಳಿಸಿಕೊಂಡು, ಇಷ್ಟರಿಂದ ಏನೂ ಆಗಲಿಕ್ಕಿಲ್ಲ ಎಂದರಂತೆ. ಆಗುವುದಿಲ್ಲ ಎಂದು ಹೇಳಲಿಲ್ಲ. ಆ ಎರಡರ ನಡುವಿನ ಅಂತರವನ್ನು ಇಟ್ಟುಕೊಂಡು ಅವಳು ಬಟ್ಟೆ ತುಂಬಿಕೊಂಡು ಮಾಜಿವಾಡಾದ ತಾಯಿಯ ಮನೆಗೆ ಹೋದಳು.

ರಾಯರು ವಾಶಿಗೆ ಹೋಗಿ ಲೀಲಾಧರನನ್ನು ತುಳುವಿನಲ್ಲಿ ಬೈದರು. ಅವನು ನಿಧಾನವಾಗಿ ಚಹಾ ಮುಗಿಸಿ, “ಪೆಟ್ಟಿಗೆ ಬೇಡವಾ ರಾಯರೇ? ಗೋಣಿಯಲ್ಲಿ ಕೊಡ್ತೇನೆ. ಮಾಲು ಅದೇ,” ಎಂದನಂತೆ. ಪಕ್ಕದ ದಲಾಲಿಯ ಮಳಿಗೆಯಲ್ಲಿ ಕೇಳಿದರೆ ಅಲ್ಲಿಯೂ ಅದೇ ಅಳತೆಯ ಬೆಂಡೆ. ರಾಯರು ಕುಂಬಳಕಾಯಿ ತಂದರು. ಹೋಟೆಲಿನಲ್ಲಿ ಎರಡು ವಾರ ಕುಂಬಳ, ಸೋರೆ, ಮೂಲಂಗಿ ತಿರುಗಿ ತಿರುಗಿ ಬಂದವು. ಗಿರಾಕಿಗಳು ಮೊದಲು ಗೊಣಗಿದರು, ಆಮೇಲೆ ರಸ್ತೆ ದಾಟಿದರು. ಎದುರಿನ ಲಂಚ್ ಹೋಮಿನ ಪುಂಡರೀಕಾಕ್ಷ ಬೆಂಡೆಕಾಯಿ ಫ್ರೈ ಶುರು ಮಾಡಿದ್ದ. ಅವನಿಗೂ ರಾಯರಿಗೂ ಯಾವುದೋ ಅಡುಗೆಯವನನ್ನು ಸೆಳೆದುಕೊಂಡ ವಿಷಯದಲ್ಲಿ ಎಂದೋ ಮಾತು ಬಿಟ್ಟಿತ್ತು.

“ನನ್ನ ಗಿರಾಕಿ ಅಲ್ಲಿ ಹೋಗಿ ಅದನ್ನೇ ತಿಂತಾನೆ,” ರಾಯರು ಊಟಕ್ಕೆ ಕೂತು ಹೇಳಿದರು. “ನಾನು ಯಾರನ್ನು ಉಳಿಸಿದ ಹಾಗಾಯ್ತು?”

“ಹಾಗಾದ್ರೆ ನೀವೂ ಬಡಿಸಿ,” ಎಂದ ಕಶ್ಯಪ.

“ಬಡಿಸ್ತೇನೆ, ಬೋರ್ಡಿನಲ್ಲಿ ಬ‌ರೀತೇನೆ. ಇಂದಿನ ವಿಶೇಷ, ಲಂಡನಿನವರು ಬಿಟ್ಟ ಸಾಂಬಾರು.”

ಹೆಂಡತಿ ಮನೆಯಲ್ಲಿಲ್ಲದಿದ್ದರೂ ಕಶ್ಯಪ ಬೀನ್ಸ್ ತರುವುದನ್ನು ಬಿಟ್ಟಿರಲಿಲ್ಲ. ಈಗ ತಾಯಿಗೆಂದು ತರುತ್ತಿದ್ದ. ಅದು ಪುಣೆಯಾಚೆ ಕಂಪನಿ ಹೊಸತಾಗಿ ಬೆಳೆಸುತ್ತಿದ್ದ ತೋಟದ್ದಂತೆ. ಬರೀ ಸೆಗಣಿ ಗೊಬ್ಬರ, ಬೇವಿನ ಹಿಂಡಿ; ಹೊರದೇಶದಲ್ಲಿ ಈಗ ಅದಕ್ಕೇ ಬೇಡಿಕೆ, ಅದಕ್ಕೇ ರೇಟು.

“ನನ್ನ ಅಜ್ಜಿ ಹಿತ್ತಲಲ್ಲಿ ಹಾಗೇ ಬೆಳೆಸ್ತಿದ್ರು. ಅವರಿಗೆ ಯಾರೂ ರೇಟು ಕೊಡ್ಲಿಲ್ಲ,” ಎಂದಳು ಶ್ರೀಮತಿ. “ಅದು ಇಲ್ಲಿ ಮಾರುಕಟ್ಟೆಗೆ ಯಾವಾಗ ಬರ್ತದೆ?”

“ಇಲ್ಲಿಗೆ ಬರುವುದಿಲ್ಲ ಅಮ್ಮ. ಎಲ್ಲ ಹೊರಗೆ ಹೋಗ್ತದೆ. ನಾನು ತರುವುದು ಸೊಟ್ಟಗಿದ್ದು ಬೇರೆ ಮಾಡಿದ್ದು.”

“ಅಂದ್ರೆ ಒಳ್ಳೆಯದೂ ಅವರಿಗೆ. ಅವರಿಗೆ ಬೇಡದ ಒಳ್ಳೆಯದು ನಿನ್ನ ಹೆಂಡತಿಗೆ. ಅವರಿಗೆ ಬೇಡದ ಕೆಟ್ಟದ್ದು ನಮಗೆ.” ಅವಳು ಬೀನ್ಸಿನ ಚೀಲವನ್ನು ಅವನ ಮುಂದಕ್ಕೆ ತಳ್ಳಿದಳು. “ನನಗೆ ಬೇಡ ಇದು.”

ಸೊಸೆಯನ್ನು ಕರೆದುಕೊಂಡು ಬರಲು ಗಂಡಸರಿಬ್ಬರೂ ಹೋಗಲಿಲ್ಲ. ಒಬ್ಬರಿಗೆ ಅಭಿಮಾನ, ಇನ್ನೊಬ್ಬನಿಗೆ ಮುಖವಿಲ್ಲ. ಕೊನೆಗೆ ಶ್ರೀಮತಿಯೇ ಲೋಕಲ್ ಹಿಡಿದು ಠಾಣೆಗೆ ಹೋಗಿ, ರಿಕ್ಷಾದಲ್ಲಿ ಮಾಜಿವಾಡಾ ತಲುಪಿದಳು. ಬೀಗಿತ್ತಿ ಊರ್ಮಿಳಾ ನೀರು ಕೊಟ್ಟು, ಕುಶಲ ಕೇಳಿ, ಸರಿಯಾದ ಜಾಗ ನೋಡಿ ಸೂಜಿ ಚುಚ್ಚಿದಳು.

“ನಮ್ಮಲ್ಲಿ ಹೋಟೆಲಿನದ್ದು ಇಲ್ಲ ನೋಡಿ. ಎಲ್ಲ ಮನೆಯದ್ದೇ. ಹುಡುಗಿಗೆ ಈಗ ಸ್ವಲ್ಪ ಬಣ್ಣ ಬಂದಿದೆ.”

ನಿಶಾ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಅನ್ನ, ತೊವ್ವೆ, ಬೆಂಡೆಕಾಯಿ ಪಲ್ಯ. ಅಡುಗೆಮನೆಯ ಬಾಗಿಲ ಹತ್ತಿರ ಮೊರದಲ್ಲಿ ಇನ್ನೂ ಹೆಚ್ಚದ ಒಂದಷ್ಟು ಬೆಂಡೆ. ಶ್ರೀಮತಿ ಒಂದನ್ನು ಎತ್ತಿದಳು, ಪಕ್ಕಕ್ಕೆ ಇನ್ನೊಂದನ್ನು ಹಿಡಿದಳು. ಒಂದೇ ಅಳತೆ.

“ಎಲ್ಲಿಯದು ಊರ್ಮಿಳಾ?”

“ಕೆಳಗೆ ಕೈಗಾಡಿಯವನದ್ದು. ದಿನಾ ತರ್ತಾನೆ. ಎಷ್ಟು ಚಂದ ಉಂಟು ನೋಡಿ, ಒಂದು ಹುಳ ಇಲ್ಲ.”

ಸುಮ್ಮನಿದ್ದುಬಿಟ್ಟರೆ ಬೀಗಿತ್ತಿಯ ಮನೆಯಲ್ಲಿ ಜಗಳವಿಲ್ಲ, ಯಾರಿಗೂ ಮುಖಭಂಗವಿಲ್ಲ. ಸುಮ್ಮನಿರುವುದು ಎಷ್ಟು ಸುಲಭವೆಂದು ಶ್ರೀಮತಿಗೆ ಆ ಕ್ಷಣ ಗೊತ್ತಾಯಿತು. ಮಗನ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಆದರೆ ಅವನು ಪೆಟ್ಟಿಗೆಯನ್ನು ಗೋಡೆಗೆ ತಿರುಗಿಸಿದ್ದು ಕಣ್ಣಿಗೆ ಕಟ್ಟಿತು. ಅವಳು ನಿಶಾಳ ಪಕ್ಕದಲ್ಲಿ ಕೂತು ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದಳು.

“ಇದು ಅದೇ ಬೆಂಡೆ ಮಗಳೇ. ತಿನ್ನಬೇಡ.”

ಕೆಟ್ಟದ್ದು ಆ ಪೆಟ್ಟಿಗೆಯದ್ದು ಮಾತ್ರ ಎಂದುಕೊಂಡಿದ್ದ ನಿಶಾ, ಹೋಟೆಲಿನ ಊಟ ಆಗುವುದಿಲ್ಲ ಎಂದಷ್ಟೇ ತಾಯಿಗೆ ಹೇಳಿದ್ದಳು. ಊರ್ಮಿಳಾಗೆ ಈಗ ಎಲ್ಲ ಹೇಳಬೇಕಾಯಿತು. ಅವಳು ಮೊದಲು ನಂಬಲಿಲ್ಲ, ಆಮೇಲೆ ಮೊರ ಎತ್ತಿಕೊಂಡು ಹೋಗಿ ಕಸದ ಡಬ್ಬಕ್ಕೆ ಸುರಿದಳು, ಆಮೇಲೆ ಇಷ್ಟು ದಿನ ತಿನ್ನಿಸಿದೆನಲ್ಲ ಎಂದು ತಲೆಗೆ ಕೈ ಹೊತ್ತು ಕೂತಳು. ನಿಶಾ ತಟ್ಟೆಯನ್ನು ದೂರ ಸರಿಸಿದಳು.

“ಅತ್ತೆ, ಮನೆಗೆ ಬಂದ್ರೆ ನನಗೆ ಎಂತ ಹಾಕ್ತೀರಿ?”

“ಗೊತ್ತಿಲ್ಲ,” ಎಂದಳು ಶ್ರೀಮತಿ. “ಎಲ್ಲಿ ಒಳ್ಳೆಯದು ಸಿಗ್ತದೆ ಅಂತ ನನಗೆ ಗೊತ್ತಿಲ್ಲ. ಆದ್ರೆ ಏನು ಹಾಕಿದ್ರೂ ಹೇಳಿ ಹಾಕ್ತೇನೆ.”

ಸಂಜೆಯ ಗಾಡಿಯಲ್ಲಿ ಅತ್ತೆ ಸೊಸೆ ಒಟ್ಟಿಗೆ ಬಂದರು. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ನಿಶಾ ಅತ್ತೆಯ ಕೈ ಹಿಡಿದುಕೊಂಡಳು.

ಆ ರಾತ್ರಿಯ ಊಟದಲ್ಲಿ ಕಶ್ಯಪ ತಲೆ ಎತ್ತದೆ ಹೇಳಿದ. “ಅಪ್ಪ, ನಾಳೆ ಹಸಿಮೆಣಸು ತರಬೇಡಿ. ಬೆಂಡೆಯ ಹಾಗೇ ಆಗಿದೆ. ಇವತ್ತು ಮಂಡಿಗೆ ಹಾಕಿದ್ರು.”

ಯಾರೂ ಕೇಳದೆ ಅವನು ಹೇಳಿದ್ದು ಅದೇ ಮೊದಲು. ನಿಶಾ ಎದ್ದು ಹೋಗಿ ಎಡಗೈಯಲ್ಲಿ ಫೋನು ಎತ್ತಿ ಮಾಜಿವಾಡಾಕ್ಕೆ ಮಾಡಿದಳು. “ಮಮ್ಮಿ, ನಾಳೆ ಮಿರ್ಚಿ ತಗೋಬೇಡ.” ಮಾತು ಮುಗಿದ ಮೇಲೂ ರಿಸೀವರ್ ಕೆಳಗಿಡಲಿಲ್ಲ. “ಇನ್ನು ಯಾರಿಗೆ ಹೇಳುವುದು?”

ಡೊಂಬಿವಲಿಯಲ್ಲಿ ಎಷ್ಟು ಮನೆಗಳಿವೆಯೋ ಯಾರಿಗೆ ಗೊತ್ತು. ರಾಯರು ಅನ್ನ ಕಲಸುವುದನ್ನು ನಿಲ್ಲಿಸಿ, ಎದ್ದು ಬಂದು, ತಾವೇ ನಂಬರು ತಿರುಗಿಸಿದರು. ಎದುರಿನ ಲಂಚ್ ಹೋಮಿನ ನಂಬರು ಅವರಿಗೆ ಬಾಯಿಪಾಠವಿದೆ ಎಂದು ಶ್ರೀಮತಿಗೆ ಗೊತ್ತಿರಲಿಲ್ಲ.

“ಅಪ್ಪ, ನನ್ನ ಹೆಸರು ಹೇಳ್ಬೇಡಿ. ಕೆಲಸ ಹೋಗ್ತದೆ,” ಎಂದ ಕಶ್ಯಪ.

“ಹೇಳುವುದಿಲ್ಲ,” ಎಂದು ಮಗನಿಗೆ ಹೇಳಿ ರಾಯರು ಫೋನಿಗೆ ತಿರುಗಿದರು. “ಪುಂಡರೀಕಾಕ್ಷ, ನಾನು ಯಜ್ಞೇಶ್ವರ. ಹೌದು, ಎದುರಿನವನೇ. ನಾಳೆ ವಾಶಿಯಲ್ಲಿ ಹಸಿಮೆಣಸು ಎತ್ತಬೇಡ ಮಾರಾಯ. ಬೆಂಡೆಯೂ ಬೇಡ. ಕೆಟ್ಟದುಂಟು. ಹೇಗೆ ಗೊತ್ತು ಅಂದ್ರೆ, ಗೊತ್ತುಂಟು.”

ಆಚೆಯಿಂದ ಬಂದ ನಗು ಕೋಣೆಗೆಲ್ಲ ಕೇಳಿಸಿತು. ಗಿರಾಕಿಗಳೆಲ್ಲ ನನ್ನಲ್ಲಿಗೆ ಬರುತ್ತಾರೆ ಅಂತ ಹೊಟ್ಟೆಕಿಚ್ಚು ಇಷ್ಟು ಬೇಗ ಹತ್ತಿತಾ ರಾಯರೇ ಎಂದು ಕೇಳಿ ಅವನು ಫೋನು ಇಟ್ಟುಬಿಟ್ಟ. ರಾಯರೂ ಫೋನು ಇಟ್ಟು, ಮತ್ತೆ ಹೋಗಿ ತಣ್ಣಗಾದ ಅನ್ನದ ಮುಂದೆ ಕೂತರು. “ಹೇಳಿ ಆಯ್ತು,” ಎಂದರು. ಅದರಲ್ಲಿ ಸಮಾಧಾನವೇನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ರಸ್ತೆಯಾಚೆಯಿಂದ ಮೆಣಸಿನಕಾಯಿ ಬಜ್ಜಿ ಕರಿಯುವ ವಾಸನೆ ತೇಲಿ ಬಂತು. ಅಲ್ಲಿ ಜನ ಬಾಗಿಲವರೆಗೆ ನಿಂತಿದ್ದರು. ಸರ್ವೋತ್ತಮ ಎಂದಿನಂತೆ ತೂಕುಪಾತ್ರೆ ತಂದು ನಿಂತ. ಸೋರೆಕಾಯಿ ಹುಳಿ, ಒಣಮೆಣಸು ಹಾಕಿದ್ದು. ಶ್ರೀಮತಿ ಅಂಗೈಗೆ ಒಂದು ಚಮಚ ಹಾಕಿಕೊಂಡು ರುಚಿ ನೋಡಿದಳು. ಒಗ್ಗರಣೆ ಹದವಾಗಿತ್ತು, ಬೆಲ್ಲ ಎಷ್ಟು ಬೇಕೋ ಅಷ್ಟೇ ಇತ್ತು. ಆ ಬೆಂಡೆಕಾಯಿ ಹುಳಿಯೂ ಹೀಗೇ ಇತ್ತಲ್ಲ. ಅದಕ್ಕೂ ತಾನು ‘ಹ್ಞೂಂ’ ಎಂದಿದ್ದೆನಲ್ಲ.

ಸರ್ವೋತ್ತಮ ಕಾದ. “ಎಂತ ಅಮ್ಮ, ಸರಿಯಿಲ್ವಾ?”

“ಉಪ್ಪು ಸರಿ ಉಂಟು, ಹುಳಿ ಸರಿ ಉಂಟು,” ಎಂದಳು. “ಉಳಿದದ್ದು ನನ್ನ ನಾಲಿಗೆಗೆ ಗೊತ್ತಾಗುವುದಿಲ್ಲ.”

ಅವನಿಗೆ ಅರ್ಥವಾಗಲಿಲ್ಲ. “ಬೋರ್ಡ್ ಹಾಕ್ಲಾ ಬೇಡ್ವಾ?”

ಒಳಗೆ ನಿಶಾ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಕೆಳಗೆ ರಸ್ತೆ ದಾಟದೆ ಉಳಿದ ನಾಲ್ಕಾರು ಹಳೆ ಗಿರಾಕಿಗಳು ಕೈ ತೊಳೆದು ಕಾಯುತ್ತಿದ್ದರು. ಶ್ರೀಮತಿ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

“ಹಾಕು,” ಎಂದಳು. “ಯಾರಾದ್ರೂ ಕೇಳಿದ್ರೆ ಮಾತ್ರ, ಅಮ್ಮ ಹ್ಞೂಂ ಅಂದಿದ್ದಾರೆ ಅಂತ ಹೇಳಬೇಡ.”